ಊರನ್ನು ಕಿಸೆಯಲ್ಲಿಟ್ಟುಕೊಂಡವನು

ಕಾನ್‌ಸ್ಟೇಬಲ್ ಎಂದೊಡನೆ ನಮಗೆ ಪೋಲೀಸಿನವನ ನೆನಪಾಗುವುದು ಸಹಜ. ನಾನು ಹೇಳಹೊರಟಿರುವ ಜಾನ್ ಕಾನ್‌ಸ್ಟೇಬಲ್‌ನಾದರೋ ಲಾಠಿ ಹಿಡಿದವನಲ್ಲ, ಪೆನ್ಸಿಲು ಹಿಡಿದವನು. ಇಂಗ್ಲೆಂಡಿನ ನಿಸರ್ಗ ಚಿತ್ರಕಾರರಲ್ಲಿ ಅಗ್ರಗಣ್ಯನು.

ಈತನು 1776ರ ಜೂನ್ 11ರಂದು ಸಫೋಕ್ ಪ್ರಾಂತದ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಧಾನ್ಯದ ವ್ಯಾಪಾರಿ. ಸ್ಟೂರ್ ನದಿಯ ದಡದಲ್ಲಿ ಹಿಟ್ಟಿನ ಗಿರಣಿಗಳನ್ನು ನಡೆಸುತ್ತಿದ್ದನು. ಊರಿನಲ್ಲಿ ಅವರದೊಂದು ಗಾಳಿಗಿರಣಿಯೂ ಇದ್ದಿತು. ಮಗನು ಕೆಲಕಾಲ ಅಲ್ಲಿ ದುಡಿದನು. ಗಾಳಿಗಿರಣಿಯವನಿಗೆ ಆಕಾಶ ನೋಡುವುದು ಹೊಟ್ಟೆಪಾಡಿನ ವಿದ್ಯೆ. ಆ ವಿದ್ಯೆ ಇವನನ್ನು ಕೊನೆಯವರೆಗೂ ಬಿಡಲಿಲ್ಲ.

1799ರಲ್ಲಿ ತಂದೆಯನ್ನು ಒಪ್ಪಿಸಿ ಲಂಡನ್ನಿಗೆ ಹೋಗಿ ರಾಯಲ್ ಅಕಾಡೆಮಿಯ ಶಾಲೆಯನ್ನು ಸೇರಿದನು. 1802ರಲ್ಲಿ ಸೈನಿಕ ಕಾಲೇಜೊಂದರ ಚಿತ್ರದ ಮೇಷ್ಟರ ಕೆಲಸ ಕೈಗೆ ಬಂದಿತ್ತು, ಬೇಡವೆಂದನು. ತಿಂಗಳ ಸಂಬಳದ ಬೆಲೆ ಬಲ್ಲ ನಮ್ಮಂಥ ಗುಮಾಸ್ತರಿಗೆ ಈ ಧೈರ್ಯವು ಅಚ್ಚರಿಯೇ ಸರಿ.

ಆತನ ಮನಸ್ಸು ಸದಾ ಊರಿನಲ್ಲಿ. ಬೇಸಗೆ ಬಂದರೆ ಸ್ಟೂರ್ ನದಿಯ ದಡಕ್ಕೆ ಓಡುತ್ತಿದ್ದನು. 1813 ಮತ್ತು 1814ರಲ್ಲಿ ಅವನ ಕಿಸೆಯಲ್ಲಿ ಅಂಗೈಯಗಲದ ಪುಸ್ತಕವೊಂದು ಇರುತ್ತಿತ್ತು. ಹೊಲ, ಉಳುವವ, ದೋಣಿ, ಇಗರ್ಜಿಯ ಗೋಪುರ, ಕಂಡದ್ದನ್ನು ಕಂಡಲ್ಲಿಯೇ ನಾಲ್ಕಾರು ಗೆರೆಗಳಲ್ಲಿ ಹಿಡಿದನು. ಕೆಲವು ಪುಟಗಳಲ್ಲಿ ಎರಡು ಮೂರು ಚಿತ್ರಗಳು ಒತ್ತಾಗಿ ಕುಳಿತಿವೆ. ಆಗ ಅವನು ಮೆಚ್ಚಿದ್ದ ಮರಿಯಾ ಬಿಕ್ನೆಲ್ ಎಂಬವಳನ್ನು ಕೊಡಲು ಅವಳ ಮನೆಯವರು ಒಪ್ಪಿರಲಿಲ್ಲ. ಅವಳಿಗೆ ಬರೆದ ಪತ್ರದಲ್ಲಿ ಈ ಪುಸ್ತಕವನ್ನು ತನ್ನ ದಿನಚರಿಯೆಂದೇ ಕರೆದನು. ಕೊನೆಗೆ 1816ರಲ್ಲಿ ವಿವಾಹವಾಯಿತು.

ಸಂಸಾರ ಬೆಳೆದಂತೆ ಊರಿನ ಪ್ರಯಾಣ ವಿರಳವಾಯಿತು. ಆಗ ಕೈಹಿಡಿದದ್ದು ಆ ಪುಟ್ಟ ಪುಸ್ತಕವೇ. ಸ್ಟೂರ್ ನದಿಯ ದೊಡ್ಡ ಚಿತ್ರಗಳು ರೂಪುಗೊಂಡದ್ದು ಲಂಡನ್ನಿನ ಕೋಣೆಯಲ್ಲಿ. 1814ರ ಗೆರೆಗಳು 1822ರ ಚಿತ್ರಕ್ಕೂ ಒದಗಿದವು. 1821ರಲ್ಲಿ ಪ್ರದರ್ಶಿಸಿದ, ಹುಲ್ಲಿನ ಬಂಡಿ ಹೊಳೆ ದಾಟುವ ಜಗತ್ಪ್ರಸಿದ್ಧ ಚಿತ್ರಕ್ಕೆ, ಬಂಡಿಯ ನಕ್ಷೆಯನ್ನು ತಮ್ಮನ ಮೂಲಕ ಊರಿನಿಂದಲೇ ತರಿಸಿಕೊಂಡನು. ಅದಕ್ಕೆ 1824ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಬಂದಿತು.

ಅದೇ ವರ್ಷಗಳಲ್ಲಿ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ನಿಂತು ಮೋಡಗಳನ್ನು ಬಣ್ಣದಲ್ಲಿ ಬರೆದನು. ಹಲವು ಹಾಳೆಗಳ ಹಿಂದೆ ತಾರೀಖು, ಗಳಿಗೆ, ಗಾಳಿಯ ದಿಕ್ಕು ನಮೂದಾಗಿವೆ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಇವು ಕಿರ್ದಿ, ದೊಡ್ಡ ಚಿತ್ರಗಳು ಖಾತೆ. ಖಾತೆ ಅಂದವಾಗಿರಬಹುದು, ಆದರೆ ಕಿರ್ದಿಯಲ್ಲಿ ಅಂದಿನ ವ್ಯವಹಾರದ ಬಿಸಿ ಆರಿರುವುದಿಲ್ಲ. ಮೋಡವು ಕಾಯುವುದಿಲ್ಲವಾದ್ದರಿಂದ ಕೈಗೆ ಅಲಂಕಾರಕ್ಕೆ ಸಮಯವಿಲ್ಲ. ತ್ವರಿತ ಚಿತ್ರದ ಸೊಗಸೆಲ್ಲ ಇಲ್ಲಿಯೇ ಇದೆ.

1828ರಲ್ಲಿ ಮರಿಯಾ ಕ್ಷಯರೋಗದಿಂದ ತೀರಿಕೊಂಡಳು. ಏಳು ಮಕ್ಕಳು ತಬ್ಬಲಿಗಳಾದರು. ಮರುವರ್ಷ ಅಕಾಡೆಮಿಯ ಪೂರ್ಣ ಸದಸ್ಯತ್ವ ದೊರೆತಾಗ ಸಂತೋಷವನ್ನು ಹಂಚಿಕೊಳ್ಳಲು ಅವಳೇ ಇರಲಿಲ್ಲ. 1837ರ ಮಾರ್ಚ್ 31ರಂದು ಆತನೂ ಹೊರಟುಹೋದನು. ಆ ಎರಡು ಪುಸ್ತಕಗಳು 1888ರಲ್ಲಿ ಮಗಳು ಇಸಬೆಲ್ಲಳ ಕೊಡುಗೆಯಾಗಿ ಇಂದಿನ ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಂ ಸೇರಿದವು.

ವಾಚಕರೇ, ಊರು ಬಿಟ್ಟು ಬಂದ ನಾವೂ ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇವೆ. ಹೋದ ಪ್ರತಿಸಲವೂ ಒಂದು ಮರವೋ ಒಂದು ಜಗಲಿಯೋ ಕಾಣೆಯಾಗಿರುತ್ತದೆ. ಮುಂದಿನ ಸಲ ಕಿಸೆಯಲ್ಲಿ ಒಂದು ಚಿಕ್ಕ ಪುಸ್ತಕವಿರಲಿ. ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ. ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿರಿ.