ಕಿತ್ತೂರ ರಾಣಿ ಚೆನ್ನಮ್ಮನವರು

ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಕರಾಟೆಯನ್ನು ಕಲಿಸಲಾರಂಭಿಸಿದಾಗ ಹುನ್ನೂರಿನ ಪಾಲಕರೊಬ್ಬರು ನಮ್ಮಲ್ಲಿಗೆ ಬಂದು ಒಂದು ಸಂದೇಹವನ್ನು ಮುಂದಿಟ್ಟರು. ಕೈಯೆತ್ತಿ ಹೊಡೆಯುವುದನ್ನು ಕಲಿತ ಹುಡುಗಿಯು ಮುಂದೆ ಮನೆಯಲ್ಲಿಯೂ ನೆರೆಹೊರೆಯಲ್ಲಿಯೂ ಜಗಳಗಂಟಿಯಾಗಲಾರಳೇ ಎಂಬುದು ಅವರ ಚಿಂತೆಯಾಗಿದ್ದಿತು. ಈ ಸಂದೇಹವು ನಕ್ಕು ಬಿಡತಕ್ಕದ್ದಲ್ಲ. ಇದಕ್ಕೆ ಉತ್ತರವನ್ನು ಯೋಚಿಸುತ್ತಿರುವಾಗ ಕಿತ್ತೂರ ರಾಣಿ ಚೆನ್ನಮ್ಮನವರ ಚರಿತ್ರೆಯು ನಮ್ಮ ನೆನಪಿಗೆ ಬಂದಿತು. ಅವರ ಶೌರ್ಯವನ್ನು ಅರಿಯದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಆ ಶೌರ್ಯವನ್ನು ಆಳಿದ ಮನಸ್ಸನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಲಿಚ್ಛಿಸುತ್ತೇವೆ.

ಚೆನ್ನಮ್ಮನವರು 1778ರಲ್ಲಿ ಬೆಳಗಾವಿಯ ಹತ್ತಿರದ ಕಾಕತಿಯ ದೇಸಾಯರ ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆಗಳನ್ನು ಅಭ್ಯಾಸ ಮಾಡಿದರೆಂದು ನಾಡಿನ ಜನರು ಹೇಳುತ್ತ ಬಂದಿದ್ದಾರೆ. ಈ ವಿದ್ಯೆಗಳು ಮೇಲುನೋಟಕ್ಕೆ ಮೈಯ ಕೆಲಸಗಳಾಗಿ ತೋರುತ್ತವೆ. ವಿಚಾರಿಸಿ ನೋಡಿದರೆ ಮನಸ್ಸಿನ ಕೆಲಸಗಳೇ ಆಗಿವೆ. ಸವಾರನು ಅಂಜಿದರೆ ಆ ಅಂಜಿಕೆಯು ಲಗಾಮಿನಿಂದ ಕುದುರೆಗೆ ತಿಳಿಯುತ್ತದೆ. ಉಸಿರು ಕದಲಿದರೆ ಬಾಣವು ಗುರಿ ತಪ್ಪುತ್ತದೆ. ಕೋಪದಿಂದ ಕತ್ತಿ ಬೀಸುವವನು ತನ್ನ ಮೈಯ ಕಾವಲನ್ನೇ ಮರೆಯುತ್ತಾನೆ. ಆದಕಾರಣವೇ ನಮ್ಮ ಗರಡಿಮನೆಗಳಲ್ಲಿ ಉಸ್ತಾದರು ಒಂದೇ ಪಟ್ಟನ್ನು ನೂರು ಸಲ ಮಾಡಿಸುತ್ತಾರೆ. ಅಭ್ಯಾಸವು ಬಲಿತ ಮೇಲೆ ಕೈಯು ತನ್ನ ಕೆಲಸವನ್ನು ತಾನೇ ಅರಿಯುತ್ತದೆ; ಹೊಡೆಯಬೇಕೋ ಬೇಡವೋ ಎಂಬುದನ್ನು ನಿಶ್ಚಯಿಸಲು ಮನಸ್ಸಿಗೆ ಬಿಡುವು ದೊರೆಯುತ್ತದೆ.

ಕಿತ್ತೂರ ಮಲ್ಲಸರ್ಜ ದೇಸಾಯರನ್ನು ವಿವಾಹವಾದ ಚೆನ್ನಮ್ಮನವರಿಗೆ ದುಃಖಗಳು ಒಂದರ ಹಿಂದೊಂದು ಬಂದವು. 1816ರಲ್ಲಿ ಪತಿಯು ಗತಿಸಿದರು. ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಉಳಿಯಲಿಲ್ಲ. ಹಿರಿಯ ರಾಣಿಯ ಮಗನಾದ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರದಲ್ಲಿ ತೀರಿಕೊಂಡನು. ಸಂಸ್ಥಾನಕ್ಕೆ ದತ್ತಕ ತೆಗೆದುಕೊಂಡ ಬಾಲಕನನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪದೆ, ಖಜಾನೆಗೆ ಮುದ್ರೆ ಹಾಕಿಸಿದನು.

1824ನೆಯ ಅಕ್ಟೋಬರ 23ರಂದು ಥ್ಯಾಕರೆಯು ದಂಡಿನೊಡನೆ ಕೋಟೆಯ ಮುಂದೆ ನಿಂತನು. ಒಮ್ಮೆಲೆ ಬಾಗಿಲು ತೆರೆದು ಕಿತ್ತೂರಿನವರು ಹೊರನುಗ್ಗಿದರು. ಆ ಕಾಳಗದಲ್ಲಿ ಥ್ಯಾಕರೆಯು ಮಡಿದನು. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬವರು ಸೆರೆಸಿಕ್ಕರು. ಎಲಿಯಟ್ಟನಿಗೆ ಆಗ ಸುಮಾರು 21 ವರ್ಷ ವಯಸ್ಸು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗೆದ್ದ ದಂಡಿನ ನೆತ್ತರು ಬಿಸಿಯಾಗಿತ್ತು. ಮೊದಲ ಕೆಲವು ದಿನಗಳಲ್ಲಿ ಆ ಇಬ್ಬರ ಪ್ರಾಣಕ್ಕೂ ಅಪಾಯವಿದ್ದಿತು. ರಾಣಿಯು ಒಂದು ಸನ್ನೆ ಮಾಡಿದ್ದರೆ ಸಾಕಾಗುತ್ತಿತ್ತು. ಹಾಗಾಗಲಿಲ್ಲ. ವಾರಗಟ್ಟಲೆ ಸೆರೆಯಲ್ಲಿದ್ದರೂ ಇಬ್ಬರೂ ಜೀವಂತವಾಗಿ ಉಳಿದರು. ಸಂಧಾನಕ್ಕೆ ಸೆರೆಯಾಳುಗಳಿಂದ ಉಪಯೋಗವಿದ್ದಿತಲ್ಲವೇ ಎಂದು ಕೆಲವರು ಕೇಳಬಹುದು. ಇದ್ದಿತು. ಆದರೆ ಕೋಪಕ್ಕೆ ವಶನಾದವನಿಗೆ ತನ್ನ ಉಪಯೋಗವಾದರೂ ಎಲ್ಲಿ ಕಾಣುತ್ತದೆ? ಕಾಳಗದ ದಿನ ಕತ್ತಿಯನ್ನು ಎತ್ತುವುದು ಒಂದು ಧೈರ್ಯ. ಗೆದ್ದ ಮರುದಿನ ಅದನ್ನು ಒರೆಯಲ್ಲಿ ಇಡುವುದು ಅದಕ್ಕೂ ಮಿಗಿಲಾದದ್ದು.

ಕೊನೆಗೆ ಸೆರೆಯಾಳುಗಳನ್ನು ಬಿಟ್ಟುಕೊಟ್ಟರೂ ಯುದ್ಧವು ತಪ್ಪಲಿಲ್ಲ. ಡಿಸೆಂಬರದ ಆರಂಭದಲ್ಲಿ ಕಂಪನಿಯ ದೊಡ್ಡ ದಂಡು ಕೋಟೆಯನ್ನು ಹಿಡಿಯಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ನೆಯ ಫೆಬ್ರುವರಿಯಲ್ಲಿ ಅವರು ಅಲ್ಲಿಯೇ ಕಾಲವಾದರು. ಅವರ ಸಮಾಧಿಯೂ ಅಲ್ಲಿದೆ. ಅವರ ಬಂಟನಾದ ಸಂಗೊಳ್ಳಿ ರಾಯಣ್ಣನು ಹೋರಾಟವನ್ನು ಮುಂದುವರಿಸಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು.

ರಾಜ್ಯವು ಹೋಯಿತು, ಆದರೆ ಅಂದು ಉಳಿದ ಜೀವವು ವ್ಯರ್ಥವಾಗಲಿಲ್ಲ. ವಾಲ್ಟರ್ ಎಲಿಯಟ್ಟನು ಮುಂದೆ ನಮ್ಮ ನಾಡಿನ ಊರೂರುಗಳ ಕಲ್ಲುಬರಹಗಳನ್ನು ಪ್ರತಿ ಮಾಡಿಸಿದನು. ಹೀಗೆ 595 ಶಾಸನಗಳ ಸಂಗ್ರಹವಾಯಿತು. ಅವುಗಳ ಆಧಾರದಿಂದ ಅವನು 1837ರಲ್ಲಿ ಪ್ರಕಟಿಸಿದ ಲೇಖನವು ಚಾಲುಕ್ಯರ ಚರಿತ್ರೆಯನ್ನು ತಿಳಿಯಲು ಆರಂಭದ ಸಾಧನಗಳಲ್ಲೊಂದಾಯಿತು. ಕಿತ್ತೂರಿನ ಸೆರೆಮನೆಯಲ್ಲಿ ಆ ತರುಣನು ಹತನಾಗಿದ್ದರೆ ಕನ್ನಡಿಗರು ಏನನ್ನು ಕಳೆದುಕೊಳ್ಳುತ್ತಿದ್ದರೆಂಬುದನ್ನು ಆಗ ಯಾರೂ ಊಹಿಸುವಂತಿರಲಿಲ್ಲ. ತಡೆದ ಕೈಯ ಫಲವು ಕೆಲವು ಸಲ ಬಹುಕಾಲದ ಮೇಲೆ ಕಾಣುತ್ತದೆ.

ಹುನ್ನೂರಿನ ಪಾಲಕರಿಗೆ ನಾವು ಈ ಚರಿತ್ರೆಯನ್ನೇ ಹೇಳಿದೆವು. ಕೈಗೆ ಮಾತ್ರ ಕಲಿಸಿದರೆ ಅವರ ಚಿಂತೆಯು ನಿಜವಾದೀತು. ಮನಸ್ಸಿಗೆ ಮೊದಲು ಕಲಿಸಿದರೆ ಕೈಯು ಅದರ ಮಾತು ಕೇಳುವುದು. ಅಭ್ಯಾಸಕ್ಕೆ ಮುನ್ನ ನಮ್ಮ ಮಕ್ಕಳು ತುಸು ಹೊತ್ತು ಸುಮ್ಮನೆ ನಿಂತು ಉಸಿರನ್ನು ಸಮಮಾಡಿಕೊಳ್ಳುತ್ತಾರೆ. ನೋಡುವವರಿಗೆ ಅದು ವ್ಯರ್ಥ ಕಾಲಹರಣವೆನಿಸಬಹುದು. ನಿಜವಾದ ಪಾಠವು ನಡೆಯುವುದು ಆಗಲೇ. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಮ್ಮ ಹೆಣ್ಣುಮಕ್ಕಳನ್ನು ಅಂಜಿಕೆಯಿಂದ ಹಿಂದೆಗೆಯದೆ ಈ ಅಭ್ಯಾಸಕ್ಕೆ ಕಳುಹಿಸುವರೆಂದು ನಂಬಿದ್ದೇವೆ.