ತಂತಿಗೆ ಮಾತು ಕಲಿಸಿದ ಜಿಮಿ ಹೆಂಡ್ರಿಕ್ಸ್

(ಅಂತಿಮ ಬಿ.ಎ. ವಿದ್ಯಾರ್ಥಿ)

ಹಿರಿಯರ ಜೀವನಚರಿತ್ರೆಗಳನ್ನು ಓದುವುದರಿಂದ ನಮ್ಮ ಬಾಳು ಹಸನಾಗುವುದೆಂದು ಬಲ್ಲವರು ಹೇಳುತ್ತಾರೆ. ಆದುದರಿಂದಲೇ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕವಿಗಳು, ದೇಶಭಕ್ತರು, ವಿಜ್ಞಾನಿಗಳು ಇವರನ್ನು ಕುರಿತ ಲೇಖನಗಳು ಪ್ರತಿವರ್ಷವೂ ಅಚ್ಚಾಗುತ್ತವೆ. ನಾನು ಈ ಸಲ ಬರೆಯಹೊರಟಿರುವುದು ಒಬ್ಬ ಗಿಟಾರು ವಾದಕನನ್ನು ಕುರಿತು. ಆತನು ಹೈಸ್ಕೂಲನ್ನೂ ಮುಗಿಸಲಿಲ್ಲ; ಸಂಗೀತದ ಸ್ವರಲಿಪಿಯನ್ನು ಓದಲು ಬಾರದವನು; ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡವನು. ಇಂಥವನಿಂದ ಪದವಿ ತರಗತಿಯವರಾದ ನಾವು ಕಲಿಯಬೇಕಾದುದೇನಿದೆ ಎಂದು ಕೆಲವರಾದರೂ ಕೇಳಬಹುದು. ಆ ಪ್ರಶ್ನೆಯನ್ನು ನಾನೂ ಕೇಳಿಕೊಂಡೆನು. ಅದಕ್ಕೆ ಉತ್ತರ ದೊರೆತದ್ದು ನಮ್ಮ ಮನೆಯ ಹೊಲಿಗೆ ಯಂತ್ರದ ಬಳಿಯಲ್ಲಿ.

ಹಾಸ್ಟೆಲಿನಲ್ಲಿ ನನ್ನ ಕೊಠಡಿಯ ಗೆಳೆಯನೊಬ್ಬನು ಗಿಟಾರು ಬಾರಿಸುತ್ತಾನೆ. ಎರಡು ವರ್ಷ ಕೈಖರ್ಚಿನಲ್ಲಿ ಉಳಿಸಿದ ಹಣದಿಂದ ಆತನು ಒಂದು ಹಳೆಯ ವಾ ಪೆಡಲನ್ನು ಕೊಂಡುತಂದನು. ಇದು ಕಾಲಿನಿಂದ ತುಳಿಯುವ ಒಂದು ಸಣ್ಣ ಲೋಹದ ಪೆಟ್ಟಿಗೆ. ಗಿಟಾರಿನ ನಾದವು ಇದರೊಳಗೆ ಹಾದುಹೋಗುವಾಗ ತುಳಿತಕ್ಕೆ ತಕ್ಕಂತೆ ಮನುಷ್ಯನ ಕೊರಳಿನಂತೆ ಮಾರ್ಪಡುತ್ತದೆ. ತಂದದ್ದು ಆ ಜಾತಿಯಲ್ಲಿ ಅತ್ಯಂತ ಅಗ್ಗದ್ದು. ತುಳಿದಾಗಲೆಲ್ಲ ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಚಟಪಟ ಸಿಡಿಯುತ್ತಿತ್ತು. ಅದನ್ನು ಚಾಲೂ ಮಾಡುವ ಗುಂಡಿಯು ಮುಂಗಾಲಿನ ಕೆಳಗಿದ್ದು, ಮೈಭಾರವನ್ನೆಲ್ಲ ಬಿಟ್ಟರೂ ಒಮ್ಮೊಮ್ಮೆ ಕೇಳುತ್ತಿರಲಿಲ್ಲ. ಒಳ್ಳೆಯ ಪೆಡಲು ಸಿಕ್ಕಿದ್ದರೆ ತಾನೂ ಹೆಂಡ್ರಿಕ್ಸನಂತೆ ನುಡಿಸುತ್ತಿದ್ದೆನೆಂದು ಗೆಳೆಯನು ದಿನವೂ ಹಲುಬುವನು. ಯಾರೀ ಹೆಂಡ್ರಿಕ್ಸ್ ಎಂಬ ಕುತೂಹಲ ನನ್ನಲ್ಲಿ ಮೂಡಿದ್ದು ಹೀಗೆ.

ಜಿಮಿ ಹೆಂಡ್ರಿಕ್ಸನು ೧೯೪೨ನೆಯ ಇಸವಿ ನವೆಂಬರ್ ೨೭ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಒಂದು ಆಫ್ರಿಕನ್ ಅಮೆರಿಕನ್ ಮನೆತನದಲ್ಲಿ ಜನಿಸಿದನು. ಆಗ ತಾಯಿ ಲ್ಯೂಸಿಲ್‌ಗೆ ಹದಿನೇಳೇ ವರ್ಷ. ತಂದೆ ಆಲ್ ಹೆಂಡ್ರಿಕ್ಸನು ಮಹಾಯುದ್ಧದ ನಿಮಿತ್ತ ಸೈನ್ಯದಲ್ಲಿದ್ದನು. ಮಗುವಿಗೆ ಮೊದಲು ಜಾನಿ ಅಲೆನ್ ಎಂದು ಹೆಸರಿಟ್ಟಿದ್ದರು. ಯುದ್ಧ ಮುಗಿಸಿ ಬಂದ ತಂದೆಯು ೧೯೪೬ರಲ್ಲಿ ಅದನ್ನು ಜೇಮ್ಸ್ ಮಾರ್ಷಲ್ ಎಂದು ಬದಲಾಯಿಸಿದನು. ಮನೆಯಲ್ಲಿ ಬಡತನವಿತ್ತು, ಕುಡಿತವಿತ್ತು, ಜಗಳವಿತ್ತು. ೧೯೫೧ರಲ್ಲಿ ತಂದೆತಾಯಿಗಳು ಬೇರೆಯಾದರು. ೧೯೫೮ರಲ್ಲಿ ತಾಯಿ ತೀರಿಕೊಂಡಳು. ಹುಡುಗನಿಗೆ ಆಗ ಹದಿನೈದು ವರ್ಷ.

ತಂದೆಯು ಸಿರಿವಂತರ ಮನೆಗಳ ತೋಟದ ಕೆಲಸ ಮಾಡಿ ಮಕ್ಕಳನ್ನು ಸಾಕುತ್ತಿದ್ದನು. ಶಾಲೆಯಲ್ಲಿ ಜಿಮಿಯು ಪೊರಕೆಯನ್ನೇ ಗಿಟಾರೆಂದು ಎದೆಗೆ ಒರಗಿಸಿಕೊಂಡು ಬಾರಿಸುವ ನಟನೆ ಮಾಡುತ್ತಿದ್ದನಂತೆ. ೧೯೫೭ರಲ್ಲಿ ತಂದೆಯೊಡನೆ ಒಂದು ಮನೆಯ ಕಸ ಸಾಗಿಸುತ್ತಿದ್ದಾಗ ಅದರಲ್ಲಿ ಉಕುಲೇಲೆ ಎಂಬ ಸಣ್ಣ ವಾದ್ಯವೊಂದು ಸಿಕ್ಕಿತು. ಅದಕ್ಕೆ ಉಳಿದಿದ್ದುದು ಒಂದೇ ತಂತಿ. ಆ ಒಂದು ತಂತಿಯ ಮೇಲೆ ಕಿವಿಯಿಂದ ಕೇಳಿದ ಹಾಡುಗಳನ್ನು ಹುಡುಕಿ ಹುಡುಕಿ ನುಡಿಸಿದನು. ಮರುವರ್ಷ ೫ ಡಾಲರಿಗೆ ಒಂದು ಹಳೆಯ ಗಿಟಾರು ಕೈಸೇರಿತು. ೧೯೫೯ರಲ್ಲಿ ತಂದೆಯು ವಿದ್ಯುತ್ ಗಿಟಾರೊಂದನ್ನು ಕೊಡಿಸಿದನು. ಜಿಮಿಯು ಎಡಚನು. ಅಂಗಡಿಯ ಗಿಟಾರುಗಳಾದರೋ ಬಲಗೈಯವರಿಗಾಗಿ ಮಾಡಿದವು. ಆತನು ಅವನ್ನೇ ತಲೆಕೆಳಗಾಗಿ ಹಿಡಿದು, ತಂತಿಗಳನ್ನು ಬಿಚ್ಚಿ ತನಗೆ ಬೇಕಾದ ಕ್ರಮದಲ್ಲಿ ಮರಳಿ ಕಟ್ಟಿಕೊಂಡನು. ಕೀರ್ತಿ ಬಂದ ಮೇಲೂ ಬಲಗೈಯ ಗಿಟಾರುಗಳನ್ನೇ ಹೀಗೆ ತಿರುಗಿಸಿ ಬಾರಿಸಿದನು.

ಕದ್ದ ಕಾರುಗಳಲ್ಲಿ ಸುತ್ತಿದನೆಂದು ಎರಡು ಸಲ ಪೋಲೀಸರ ಕೈಗೆ ಸಿಕ್ಕಿದ್ದರಿಂದ ಸೆರೆಮನೆ ಅಥವಾ ಸೈನ್ಯ ಎಂಬ ಪರಿಸ್ಥಿತಿ ಬಂದು, ೧೯೬೧ರಲ್ಲಿ ಸೈನ್ಯಕ್ಕೆ ಸೇರಿ ಪ್ಯಾರಾಶೂಟಿನಿಂದ ಧುಮುಕುವ ತುಕಡಿಯಲ್ಲಿ ತರಬೇತಿ ಪಡೆದನು. ಕೆಲಸದ ಹೊತ್ತಿನಲ್ಲೂ ಇವನ ಮನಸ್ಸು ಗಿಟಾರಿನ ಮೇಲೆಯೇ ಇರುತ್ತದೆಂದು ಮೇಲಧಿಕಾರಿಗಳು ದೂರು ಬರೆದರು. ೧೯೬೨ರಲ್ಲಿ ಬಿಡುಗಡೆಯಾಯಿತು. ಅಲ್ಲಿಂದ ಮುಂದೆ ನಾಲ್ಕು ವರ್ಷ ಊರೂರು ಅಲೆದಾಟ. ವರ್ಣಭೇದವಿದ್ದ ಆ ಕಾಲದಲ್ಲಿ ಕರಿಯರಿಗಾಗಿಯೇ ನಡೆಯುತ್ತಿದ್ದ ನಾಟ್ಯಗೃಹಗಳಲ್ಲಿ ಐಸ್ಲಿ ಸೋದರರು, ಲಿಟಲ್ ರಿಚರ್ಡ್ ಮೊದಲಾದವರ ಹಿಂದೆ ನಿಂತು ಬಾರಿಸಿದನು. ಉಡುಪು ಸರಿಯಿಲ್ಲ, ವೇಳೆಗೆ ಬರುವುದಿಲ್ಲ ಎಂಬ ಬೈಗುಳಗಳನ್ನು ತಿಂದನು. ಕೈ ಬರಿದಾದಾಗ ಗಿಟಾರನ್ನು ಒತ್ತೆಯಿಟ್ಟನು. ಕೊನೆಗೆ ೧೯೬೬ರಲ್ಲಿ ನ್ಯೂಯಾರ್ಕಿನ ಒಂದು ಸಣ್ಣ ಕಾಫಿ ಗೃಹದಲ್ಲಿ ಆತನ ವಾದನವನ್ನು ಕೇಳಿದ ಚಾಸ್ ಚಾಂಡ್ಲರ್ ಎಂಬ ಇಂಗ್ಲಿಷ್ ಸಂಗೀತಗಾರನು ಅವನನ್ನು ಲಂಡನ್ನಿಗೆ ಕರೆದೊಯ್ದನು. ನೋಯೆಲ್ ರೆಡಿಂಗ್, ಮಿಚ್ ಮಿಚೆಲ್ ಎಂಬಿಬ್ಬರು ಜೊತೆಗೂಡಿ ಮೂವರ ಮೇಳವಾಯಿತು. ಒಂದು ವರ್ಷ ತುಂಬುವುದರೊಳಗೆ ಇಂಗ್ಲೆಂಡಿನ ಹೆಸರಾಂತ ಗಿಟಾರು ವಾದಕರೆಲ್ಲರೂ ಅವನ ಕಚೇರಿಗೆ ಬಂದು ಬೆರಗಾಗಿ ನಿಂತು ಕೇಳುವಂತಾಯಿತು.

ಇದೇ ಕಾಲಕ್ಕೆ ವಾ ಪೆಡಲಿನ ಜನ್ಮವೂ ಆಯಿತು. ಇದರ ಕಥೆ ಸ್ವಾರಸ್ಯವಾಗಿದೆ. ೧೯೬೬ರಲ್ಲಿ ಕ್ಯಾಲಿಫೋರ್ನಿಯದ ಥಾಮಸ್ ಆರ್ಗನ್ ಕಂಪೆನಿಯು ವಾಕ್ಸ್ ಎಂಬ ಹೆಸರಿನ ಧ್ವನಿವರ್ಧಕಗಳನ್ನು ಮಾಡುತ್ತಿತ್ತು. ಅವುಗಳಲ್ಲಿ ನಾದದ ಬಣ್ಣವನ್ನು ಬದಲಾಯಿಸುವ ಒಂದು ಸ್ವಿಚ್ಚಿತ್ತು. ಅದು ದುಬಾರಿಯಾಯಿತೆಂದು ಅದರ ಬದಲಿಗೆ ಅಗ್ಗದ ತಿರುಗುಗುಂಡಿಯೊಂದನ್ನು ಜೋಡಿಸುವ ಕೆಲಸ ಬ್ರಾಡ್ ಪ್ಲಂಕೆಟ್ ಎಂಬ ಎಳೆಯ ಎಂಜಿನಿಯರನ ಪಾಲಿಗೆ ಬಂದಿತು. ಗುಂಡಿಯನ್ನು ತಿರುಗಿಸಿದಂತೆಲ್ಲ ನಾದವು ಬಾಯಿ ತೆರೆದು ಮುಚ್ಚಿದಂತೆ ಕೇಳಿತು. ಆ ಮಂಡಲವನ್ನು ಆರ್ಗನ್ ವಾದ್ಯದ ಕಾಲುಪೆಡಲಿನ ಗೂಡಿನೊಳಗೆ ಕೂರಿಸಿದರು. ಖರ್ಚು ಉಳಿಸಲು ಹೋದಾಗ ಒಂದು ಹೊಸ ಉಪಕರಣವೇ ಹುಟ್ಟಿತು! ೧೯೬೭ರಲ್ಲಿ ಅದು ಮಾರುಕಟ್ಟೆಗೆ ಬಂದಾಗ, ತುತ್ತೂರಿಯ ಬಾಯಿಗೆ ಮುಚ್ಚಳ ಹಿಡಿದು ಇಂಥದೇ ಸದ್ದು ಹೊರಡಿಸುತ್ತಿದ್ದ ಕ್ಲೈಡ್ ಮೆಕಾಯ್ ಎಂಬ ವಾದಕನ ಹೆಸರನ್ನು ಅದಕ್ಕಿಟ್ಟರು. ಊದುವ ವಾದ್ಯದವರು ಕೊಳ್ಳುವರೆಂದು ಕಂಪೆನಿಯು ಎಣಿಸಿತ್ತು. ಒಲಿದದ್ದು ಗಿಟಾರಿನವರಿಗೆ.

ಇದರ ಕೆಲಸ ಸುಲಭವಾಗಿ ತಿಳಿಯುವಂಥದು. ತುಟಿಗಳನ್ನು ಗುಂಡಗೆ ಮಾಡಿ ವೂ ಎನ್ನುತ್ತ ಮೆಲ್ಲನೆ ಬಾಯಿ ಅಗಲಿಸಿರಿ. ವಾ ಎಂಬ ಸದ್ದು ಬರುವುದು. ಕೊರಳಿನ ಶ್ರುತಿ ಬದಲಾಗದಿದ್ದರೂ ಬಾಯಿಯ ಆಕಾರವು ನಾದದ ಯಾವುದೋ ಒಂದು ಭಾಗವನ್ನು ಎತ್ತಿ ಹಿಡಿಯುತ್ತದೆ. ಪೆಡಲಿನೊಳಗಿನ ತಂತಿಸುರುಳಿ, ಕೆಪಾಸಿಟರು, ಟ್ರಾನ್ಸಿಸ್ಟರುಗಳು ಮಾಡುವುದೂ ಇದನ್ನೇ. ಹಿಮ್ಮಡಿಯನ್ನು ಒತ್ತಿದಾಗ ಸೆಕೆಂಡಿಗೆ ಕೆಲವು ನೂರು ಕಂಪನಗಳ ಮಂದ್ರಭಾಗವೂ, ಮುಂಗಾಲನ್ನು ಒತ್ತಿದಾಗ ಸುಮಾರು ೨,೦೦೦ ಕಂಪನಗಳ ತೀಕ್ಷ್ಣಭಾಗವೂ ಎದ್ದು ಕೇಳುತ್ತವೆ. ಪೆಡಲಿಗೆ ಅಂಟಿದ ಹಲ್ಲುಪಟ್ಟಿಯೊಂದು ಒಳಗಿನ ವಾಲ್ಯೂಮ್ ಕಂಟ್ರೋಲನ್ನು ತಿರುಗಿಸುತ್ತದೆ. ಅದರ ಇಂಗಾಲದ ಪಟ್ಟಿ ಸವೆದರೆ ಅಥವಾ ಧೂಳು ಸೇರಿದರೆ ಚಟಪಟ ಸದ್ದು ಬರುವುದು. ಗೆಳೆಯನ ಪೆಡಲಿನ ರೋಗವೂ ಇದೇ ಆಗಿತ್ತು.

೧೯೬೭ರ ಜುಲೈ ತಿಂಗಳಿನಲ್ಲಿ ಧ್ವನಿಮುದ್ರಿಸಿದ ಬರ್ನಿಂಗ್ ಆಫ್ ದಿ ಮಿಡ್‌ನೈಟ್ ಲ್ಯಾಂಪ್ ಎಂಬ ಹಾಡಿನಲ್ಲಿ ಹೆಂಡ್ರಿಕ್ಸನು ವಾ ಪೆಡಲನ್ನು ಬಳಸಿದನು. ಅದನ್ನು ಮೊದಲು ಬಳಸಿದವನು ಆತನೇ ಅಲ್ಲ. ಎರಿಕ್ ಕ್ಲಾಪ್ಟನ್ ಮೊದಲಾದವರೂ ಆ ವರ್ಷ ಅದನ್ನು ತುಳಿದಿದ್ದರು. ಆದರೆ ಅದರಿಂದ ಮಾತನಾಡಿಸಿದ ಬಗೆ ಹೆಂಡ್ರಿಕ್ಸನದೇ ಸರಿ. ೧೯೬೮ರ ಎಲೆಕ್ಟ್ರಿಕ್ ಲೇಡಿಲ್ಯಾಂಡ್ ಎಂಬ ಧ್ವನಿಮುದ್ರಿಕೆಯ ಕೊನೆಯಲ್ಲಿ ವೂಡೂ ಚೈಲ್ಡ್ ಎಂಬ ಹಾಡಿದೆ. ಅದರ ಆರಂಭದಲ್ಲಿ ಸ್ವರವೇ ಇಲ್ಲ. ತಂತಿಗಳನ್ನು ಎಡಗೈಯಿಂದ ಗೀರಿ, ಬಲಗೈಯ ಬೆರಳುಗಳಿಂದ ಅವುಗಳ ಉಸಿರು ಕಟ್ಟಿಸಿ, ಕಾಲಿನಿಂದ ಮಾತ್ರ ಆ ಗೀರಿಗೆ ಜೀವ ತುಂಬುತ್ತಾನೆ. ಅದು ತಾಳವಾದ್ಯದಂತೆ ಕೇಳುತ್ತದೆ. ಅದೇ ಮುದ್ರಿಕೆಯ ಇನ್ನೊಂದು ಹಾಡಿನಲ್ಲಿ ಗಿಟಾರು ಜಗುಲಿಯ ಮೇಲೆ ಕುಳಿತು ಹರಟುವ ಮುದುಕನಂತೆ ಗೊಣಗುತ್ತದೆ, ರಾಗವೆಳೆಯುತ್ತದೆ.

ಕಳೆದ ದಸರೆಯ ರಜೆಯಲ್ಲಿ ಗೆಳೆಯನು ಗಿಟಾರು, ಪೆಡಲುಗಳೊಡನೆ ನಮ್ಮ ಊರಿಗೆ ಬಂದನು. ನಮ್ಮ ತಂದೆಯವರು ದರ್ಜಿ. ಮೂವತ್ತು ವರ್ಷಗಳಿಂದ ಒಂದೇ ಹೊಲಿಗೆ ಯಂತ್ರವನ್ನು ತುಳಿಯುತ್ತಿದ್ದಾರೆ. ಊರಿನ ಟಿ.ವಿ. ರಿಪೇರಿಯವರು ಪೆಡಲನ್ನು ಬಿಚ್ಚಿ, ವಾಲ್ಯೂಮ್ ಕಂಟ್ರೋಲಿನ ಧೂಳು ತೆಗೆದು, ಗುಂಡಿಯನ್ನು ಸ್ವಲ್ಪ ಎತ್ತರಿಸಿಕೊಟ್ಟರು. ಚಟಪಟ ನಿಂತಿತು. ಆದರೂ ಗೆಳೆಯನ ವಾದನ ನನಗೆ ಮೊದಲಿನಂತೆಯೇ ಕೇಳಿತು. ಪ್ರತಿ ಪೆಟ್ಟಿಗೂ ಒಂದೇ ಸಮನೆ ತುಳಿಯುತ್ತಿದ್ದನು. ಕಾಜಾ ಹಾಕುತ್ತ ಕೇಳುತ್ತಿದ್ದ ನಮ್ಮ ತಂದೆಯವರು ನಕ್ಕರು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಹೀಗೆಯೇ ತುಳಿದು ದಾರ ಹರಿಯುತ್ತಾರೆಂದೂ, ಕಾಲು ಕೈಗಿಂತ ಮುಂದೆ ಓಡಬಾರದೆಂದೂ, ಬಟ್ಟೆ ತಿರುಗುವ ಕಡೆ ಕಾಲು ತಾನಾಗಿ ನಿಧಾನವಾಗಬೇಕೆಂದೂ ಮರಿ ಮರಿ ಎನ್ನುತ್ತಲೇ ಅವನಿಗೆ ತಿಳಿಸಿದರು. ಅವರು ಹೆಂಡ್ರಿಕ್ಸನ ಹೆಸರನ್ನು ಕೇಳಿದವರಲ್ಲ. ಆ ರಾತ್ರಿ ನಾವಿಬ್ಬರೂ ಆ ಹಾಡುಗಳನ್ನು ಮತ್ತೊಮ್ಮೆ ಕೇಳಿದೆವು. ಹೆಂಡ್ರಿಕ್ಸನು ಎಷ್ಟೋ ಕಡೆ ಪೆಡಲನ್ನು ಅರ್ಧದಲ್ಲಿ ನಿಲ್ಲಿಸಿ ಸುಮ್ಮನಿರುತ್ತಾನೆ. ಸ್ವರವು ಮಾತಾಗಿ ತಿರುಗುವ ಕಡೆಯಲ್ಲಿ ಮಾತ್ರ ಕಾಲು ಕದಲುತ್ತದೆ. ದೋಷವಿದ್ದುದು ಪೆಡಲಿನಲ್ಲಿ ಸ್ವಲ್ಪ, ಕಾಲಿನಲ್ಲಿ ಬಹಳ ಎಂಬುದು ನಮಗೆ ಅರ್ಥವಾಯಿತು.

ಮರುದಿನ ಆಯುಧಪೂಜೆ. ಹೊಲಿಗೆ ಯಂತ್ರಕ್ಕೆ ಕುಂಕುಮ ಹಚ್ಚಿ ಹೂವು ಮುಡಿಸಿದ ತಂದೆಯವರು ಗಿಟಾರನ್ನೂ ಪೆಡಲನ್ನೂ ಅದರ ಪಕ್ಕದಲ್ಲಿಡಿಸಿದರು. ಆಗ ನನಗೆ ಹೆಂಡ್ರಿಕ್ಸನ ಜೀವನದ ಒಂದು ಘಟನೆ ನೆನಪಾಗಿ ಮನಸ್ಸು ಮುದುಡಿತು. ೧೯೬೭ರ ಜೂನ್ ೧೮ರಂದು ಕ್ಯಾಲಿಫೋರ್ನಿಯದ ಮಾಂಟೆರೆ ಉತ್ಸವದಲ್ಲಿ ಮಧ್ಯಾಹ್ನ ಪಂಡಿತ್ ರವಿಶಂಕರ್ ಅವರ ಸಿತಾರ್ ವಾದನ. ರಾತ್ರಿ ಅದೇ ವೇದಿಕೆಯ ಮೇಲೆ ಹೆಂಡ್ರಿಕ್ಸನು ಬಾರಿಸಿ, ಕೊನೆಯಲ್ಲಿ ಗಿಟಾರಿಗೆ ಬೆಂಕಿಯಿಟ್ಟನು. ಅಮೆರಿಕದಲ್ಲಿ ಅವನಿಗೆ ಹೆಸರು ಬಂದದ್ದು ಆ ರಾತ್ರಿಯಿಂದಲೇ. ವಾದ್ಯವನ್ನು ದೇವರೆಂದು ಕಾಣುವ ಸಂಪ್ರದಾಯದಿಂದ ಬಂದ ರವಿಶಂಕರ್ ಅವರಿಗೆ ಅದು ತುಂಬ ನೋವುಂಟುಮಾಡಿತು. ನಾನು ಹೆಂಡ್ರಿಕ್ಸನನ್ನು ಎಷ್ಟೇ ಮೆಚ್ಚಿದರೂ ಈ ಒಂದು ವಿಷಯದಲ್ಲಿ ಅವರ ಪಕ್ಷವೇ. ಒತ್ತೆಯಿಟ್ಟ ಗಿಟಾರಿನ ಬೆಲೆ ಬಲ್ಲವನು ಹಾಗೆ ಮಾಡಬಾರದಾಗಿತ್ತು.

೧೯೬೯ರ ಆಗಸ್ಟ್ ೧೮ರ ಸೋಮವಾರ ಬೆಳಿಗ್ಗೆ ವುಡ್‌ಸ್ಟಾಕ್ ಉತ್ಸವದಲ್ಲಿ ಆತನು ನುಡಿಸಿದ ಅಮೆರಿಕದ ರಾಷ್ಟ್ರಗೀತೆಯಂತೂ ಇಂದಿಗೂ ಮಾತಿನಲ್ಲಿದೆ. ಲಕ್ಷಾಂತರ ಜನ ನೆರೆದಿದ್ದ ಬಯಲಿನಿಂದ ಅಷ್ಟು ಹೊತ್ತಿಗೆ ಬಹುಮಂದಿ ಹೊರಟುಹೋಗಿದ್ದರು. ವಿಯಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಒಂದು ಪದವನ್ನೂ ಹಾಡದೆ, ಗಿಟಾರು ಹಾಗೂ ಕಾಲಡಿಯ ಪೆಟ್ಟಿಗೆಗಳಿಂದಲೇ ಬಾಂಬುಗಳ ಸಿಡಿತವನ್ನೂ ಜನರ ಚೀತ್ಕಾರವನ್ನೂ ಆ ಗೀತೆಯ ನಡುವೆ ಕೇಳಿಸಿದನು. ಒಮ್ಮೆ ಸಮವಸ್ತ್ರ ಧರಿಸಿದ್ದವನ ಸಂಕಟ ಅದರಲ್ಲಿದೆಯೆಂದು ನನಗನ್ನಿಸುತ್ತದೆ.

೧೯೭೦ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ತನ್ನದೇ ಆದ ಧ್ವನಿಮುದ್ರಣ ಮಂದಿರವನ್ನು ತೆರೆದನು. ಅದನ್ನು ಅನುಭವಿಸುವ ಭಾಗ್ಯವಿರಲಿಲ್ಲ. ಸೆಪ್ಟೆಂಬರ್ ೧೮ರಂದು ಲಂಡನ್ನಿನಲ್ಲಿ, ಅತಿಯಾಗಿ ಸೇವಿಸಿದ ನಿದ್ರೆಮಾತ್ರೆಗಳ ಅಮಲಿನಲ್ಲಿ ವಾಂತಿಯು ಉಸಿರಿಗೆ ಅಡ್ಡವಾಗಿ ಪ್ರಾಣ ಹೋಯಿತು. ಕಾಲನ್ನು ಅಷ್ಟು ಹದವಾಗಿ ನಿಲ್ಲಿಸಬಲ್ಲವನು ಬಾಳಿನಲ್ಲಿ ನಿಲ್ಲಿಸಲಾರದೆ ಹೋದನು. ಮಾದಕ ವಸ್ತುಗಳಿಂದಲೇ ಆತನ ಕಲೆ ಅರಳಿತೆಂದು ನಮ್ಮ ವಯಸ್ಸಿನ ಕೆಲವರು ಹೇಳುವುದುಂಟು. ಒಂದು ತಂತಿಯ ಉಕುಲೇಲೆಯನ್ನು ನುಡಿಸಿದ ಹುಡುಗನಿಗೆ ಯಾವ ಅಮಲಿತ್ತು? ಆತನು ತೀರಿಕೊಂಡ ನಾಲ್ಕು ದಿನಗಳ ಮೇಲೆ, ಸೆಪ್ಟೆಂಬರ್ ೨೨ರಂದು, ವಾ ಪೆಡಲಿಗೆ ಅಮೆರಿಕದಲ್ಲಿ ಪೇಟೆಂಟು ದೊರೆಯಿತು. ಸಿಯಾಟಲ್ಲಿನ ಬಳಿಯ ರೆಂಟನ್ನಿನಲ್ಲಿ ಮಣ್ಣಾದ ಮಗನ ಸಂಗೀತದ ಹಕ್ಕುಗಳು, ತೋಟದ ಕೆಲಸ ಮಾಡಿ ಸಾಕಿದ ಮುದಿ ತಂದೆಯ ಕೈಗೆ ಬಂದದ್ದು ೧೯೯೫ರಲ್ಲಿ.

ನನ್ನ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಇಂಗ್ಲಿಷ್ ಸಾಲದು, ಪುಸ್ತಕಗಳು ಹಳೆಯವು, ಹೇಳಿಕೊಡುವವರು ಮನೆಯಲ್ಲಿಲ್ಲ ಎಂದು ಮೂರು ವರ್ಷ ನಾನೂ ಗೆಳೆಯನಂತೆಯೇ ಹಲುಬಿದ್ದೇನೆ. ಕೊರತೆಗಳು ಸುಳ್ಳೆಂದು ನಾನು ಹೇಳಲಾರೆ. ಧೂಳು ಹಿಡಿದುದನ್ನು ಬಿಚ್ಚಿ ಒರೆಸಲೇಬೇಕು. ಆದರೆ ಒರೆಸಿದ ಮೇಲೆ ಉಳಿಯುವ ಕೆಲಸ ನಮ್ಮದು. ಗೆಳೆಯನು ಈ ವರ್ಷದ ಕಾಲೇಜು ದಿನೋತ್ಸವದಲ್ಲಿ ಅದೇ ಪೆಡಲಿನಿಂದ ನುಡಿಸಿದ್ದನ್ನು ನೀವೆಲ್ಲರೂ ಕೇಳಿದ್ದೀರಿ. ಹೊಸದನ್ನು ಯಾವಾಗ ಕೊಂಡೆಯೆಂದು ಅಂದು ಹಲವರು ಅವನನ್ನು ಕೇಳಿದರು. ಅವರೆಲ್ಲರಿಗೂ ಉತ್ತರವಾಗಲೆಂದು ಈ ಲೇಖನವನ್ನು ಬರೆದಿದ್ದೇನೆ.