ಮೇಲಿನ ಗಾಳಿಯ ಅಲೆ ಅಳೆಯಲು ಹೊರಟವರು: ಡಾ. ವಿಕ್ರಮ್ ಸಾರಾಭಾಯಿ

ಡಾ. ವಿಕ್ರಮ್ ಸಾರಾಭಾಯಿ ಅವರು 1919ರ ಆಗಸ್ಟ್ 12ರಂದು ಅಹಮದಾಬಾದಿನ ಗಿರಣಿ ಮಾಲೀಕರ ಮನೆಯಲ್ಲಿ ಹುಟ್ಟಿದರು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಗಿ ದೇಶಕ್ಕೆ ಮರಳಬೇಕಾಯಿತು. ಆಗ ಆಸರೆಯಾದದ್ದು ನಮ್ಮ ಬೆಂಗಳೂರು. ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಆಕಾಶದಿಂದ ಬರುವ ವಿಶ್ವಕಿರಣಗಳನ್ನು ಅಳೆದರು. 1947ರಲ್ಲಿ ಕೇಂಬ್ರಿಜ್‌ನ ಪಿಎಚ್.ಡಿ. ಪಡೆದು, ಅದೇ ವರ್ಷ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು.

ನೂರು ಕಿ.ಮೀ. ಎತ್ತರದಲ್ಲಿ ಗಾಳಿ ತೀರಾ ತೆಳು. ಬಲೂನು ಅಷ್ಟು ಮೇಲೇರದು, ಉಪಗ್ರಹ ಅಷ್ಟು ಕೆಳಗೆ ಸುತ್ತದು. ಆದರೂ ಅಲ್ಲಿ ಶಾಂತಿಯಿಲ್ಲ. ಬೆಟ್ಟಕ್ಕೆ ಬಡಿದ ಗಾಳಿ, ಗುಡುಗಿನ ಮೋಡ ಎಬ್ಬಿಸಿದ ಅಲೆಗಳು ಮೇಲಕ್ಕೆ ಸಾಗುತ್ತವೆ. ಬಾರುಕೋಲಿನ ಹಿಡಿ ಸ್ವಲ್ಪ ಆಡಿದರೆ ತೆಳ್ಳಗಿನ ತುದಿ ಜೋರಾಗಿ ಬೀಸುವ ಹಾಗೆ, ಗಾಳಿ ತೆಳುವಾದಷ್ಟೂ ಅಲೆ ಹಿಗ್ಗುತ್ತದೆ. ಕೊನೆಗೆ ಒಡೆದು ಅಯಾನುಗೋಳವನ್ನು ಕಲಕುತ್ತದೆ. ರೇಡಿಯೊ ಸಂಕೇತ ಏರುಪೇರಾಗಲು, ಫೋನಿನ ಜಿ.ಪಿ.ಎಸ್. ತುಸು ತಪ್ಪಲು ಇದೂ ಒಂದು ಕಾರಣ.

ಆ ಎತ್ತರವನ್ನು ಮುಟ್ಟಲು ರಾಕೆಟ್ಟೇ ಬೇಕು. ಭೂಕಾಂತೀಯ ಸಮಭಾಜಕ ರೇಖೆಗೆ ಹತ್ತಿರವಿದ್ದ ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ಸಾರಾಭಾಯಿ ಆರಿಸಿದರು. ಜಾಗದಲ್ಲಿ ಚರ್ಚ್ ಇತ್ತು, ಮನೆಗಳಿದ್ದವು. ಅವರು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ಕೇಳಿದರು. ಊರವರು ಒಪ್ಪಿ ಬಿಟ್ಟುಕೊಟ್ಟರು. ಚರ್ಚೇ ಕಚೇರಿಯಾಯಿತು.

1963ರ ನವೆಂಬರ್ 21ರ ಸಂಜೆ ಅಮೆರಿಕದ ರಾಕೆಟ್ಟು ಫ್ರಾನ್ಸಿನ ಸೋಡಿಯಂ ಉಪಕರಣ ಹೊತ್ತು ಏರಿತು. ಬಾನಿನಲ್ಲಿ ಕಿತ್ತಳೆ ಬಣ್ಣದ ಗೆರೆ ಮೂಡಿತು. ಅದು ಯಾವ ಎತ್ತರದಲ್ಲಿ ಎತ್ತ ತಿರುಚಿಕೊಂಡಿತು ಎಂಬುದೇ ಮೇಲಿನ ಗಾಳಿಯ ಲೆಕ್ಕ.

ಬಡ ದೇಶಕ್ಕೆ ರಾಕೆಟ್ಟು ಏಕೆಂದು ಕೇಳಿದವರಿದ್ದರು. ಹಳ್ಳಿಗೆ ಪಾಠ, ಹವಾಮಾನದ ಸುದ್ದಿ ತಲುಪಿಸಲು ಅದೇ ಹತ್ತಿರದ ದಾರಿ ಎಂದು ಅವರು ನಂಬಿದ್ದರು. 1971ರ ಡಿಸೆಂಬರ್ 30ರಂದು, 52ನೇ ವಯಸ್ಸಿನಲ್ಲಿ, ತುಂಬಾಕ್ಕೆ ದೂರವಲ್ಲದ ಕೋವಳಂನಲ್ಲಿ ತೀರಿಕೊಂಡರು. ಅವರ ಶಿಷ್ಯ, ಉಡುಪಿ ಬಳಿಯ ಅದಮಾರಿನ ಡಾ. ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದನ್ನು ನೋಡಲು ಗುರು ಇರಲಿಲ್ಲ.

ಇಂದು ಮಾಗಡಿ ರಸ್ತೆಯ ತಾವರೆಕೆರೆ ಕಡೆಯ ಬ್ಯಾಲಾಳಿನಲ್ಲಿ ಇಸ್ರೋದ ದೊಡ್ಡ ಆಂಟೆನಾಗಳು ನಿಂತಿವೆ. ಚಂದ್ರಯಾನದ ಮಾತು ಕೇಳಿಸಿಕೊಂಡದ್ದು ಅಲ್ಲಿ. ನಮ್ಮ ಶಾಲೆಯ ಮಕ್ಕಳನ್ನು ಒಮ್ಮೆ ಆ ದಾರಿಯಲ್ಲಿ ಕರೆದೊಯ್ದು, ದೂರದಿಂದಲೇ ತೋರಿಸಿ, ತುಂಬಾದ ಬೆಸ್ತರ ಕಥೆಯನ್ನೂ ಹೇಳಬೇಕು. ವಿಜ್ಞಾನ ಬೆಳೆದದ್ದು ಜಾಣರಿಂದ ಮಾತ್ರವಲ್ಲ, ಜಾಗ ಬಿಟ್ಟುಕೊಟ್ಟ ಊರಿನಿಂದಲೂ.

ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್